ಮರಳುಗುಡ್ಡದ ಹಿಂದೆ ನಡೆದದ್ದು

೧೯೮೧ರ ಮೇ ತಿಂಗಳ ಒಂದು ಭಾನುವಾರ ಸಂಜೆ, ಅಡ್ಯಾರ್ ಕಡೆಯ ಪೊಲೀಸ್ ಠಾಣೆಯ ಮುಂದೆ ಆಟೋ ಒಂದು ಬಂದು ನಿಂತಿತು. ಅದರಿಂದ ಇಳಿದವಳು ಅನಸೂಯ. ಏಳು ತಿಂಗಳ ಬಸುರಿ. ಮೆಟ್ಟಿಲ ಬಳಿ ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡು ಒಳಗೆ ಬಂದಳು. ಗಂಡ ಬೆಳಗ್ಗೆ ಸಮುದ್ರದಲ್ಲಿ ಕಾಣೆಯಾಗಿದ್ದಾನೆ, ದೂರು ಬರೆದುಕೊಳ್ಳಿ ಎಂದು ಹೆಡ್ ಕಾನ್‌ಸ್ಟೇಬಲ್ ತಿರುಮಲನಿಗೆ ತಮಿಳಿನಲ್ಲಿ ಹೇಳಿದಳು.

ಅವಳ ಹಿಂದೆಯೇ ಇನ್ನೊಂದು ಆಟೋದಲ್ಲಿ ಅವಳ ತಂದೆ ಹರಿದಾಸರು ಬಂದರು. ಜೀವ ವಿಮೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹಣೆಯಲ್ಲಿ ನಾಮ, ಇಸ್ತ್ರಿ ಮಾಡಿದ ಬಿಳಿ ಷರಟು. ಕುಪ್ಪಂ ಎಂಬ ಕಡಲಂಚಿನ ಕೇರಿಯ ಮೀನುಗಾರರು ಕಟ್ಟುಮರದ ತೆಪ್ಪ ಹಾಕಿಕೊಂಡು ಆಗಲೇ ಹುಡುಕುತ್ತಿದ್ದಾರೆ, ಈ ಸ್ಥಿತಿಯಲ್ಲಿ ಇವಳು ಠಾಣೆಗೆಲ್ಲ ಅಲೆಯಬಾರದು, ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವರು ತಿರುಮಲನಿಗೆ ವಿನಯದಿಂದಲೇ ಹೇಳಿದರು. ಅನಸೂಯ ಬೆಂಚಿನಿಂದ ಕದಲಲಿಲ್ಲ.

"ಅಪ್ಪಾ, ನೀವು ಹೋಗಿ. ನಾನು ಬರೆಸಿಯೇ ಬರ್ತೀನಿ" ಎಂದಳು, ಕನ್ನಡದಲ್ಲಿ.

ಆ ಮಾತು ಕೇಳಿ ಇನ್‌ಸ್ಪೆಕ್ಟರ್ ಬದರಿನಾಥ ಒಳಕೋಣೆಯಿಂದ ಹೊರಗೆ ಬಂದರು. ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿ ಬೆಳೆದವರು. ಕನ್ನಡ ಅವರಿಗೆ ಮನೆಯೊಳಗಿನ ಮಾತು. ಠಾಣೆಯಲ್ಲಿ ಅದು ಕಿವಿಗೆ ಬೀಳುವುದು ವರ್ಷಕ್ಕೆ ಒಂದೆರಡು ಸಲ. ಅನಸೂಯಳನ್ನು ಫ್ಯಾನಿನ ಕೆಳಗೆ ಕೂರಿಸಿ, ನೀರು ತರಿಸಿ, ನಿಧಾನವಾಗಿ ಹೇಳಿ ಎಂದರು.

ಗಂಡನ ಹೆಸರು ಕಮಲಾಕರ, ವಯಸ್ಸು ಮೂವತ್ತನಾಲ್ಕು, ಬ್ಯಾಂಕಿನಲ್ಲಿ ಅಧಿಕಾರಿ. ರಜೆಯೆಂದು ಬೆಳಗ್ಗೆ ಜೀಪು ಸವಾರಿಗೆ ಹೋಗಿದ್ದ. ಜೊತೆಯಲ್ಲಿ ಹೋದವರು ಅವಳ ತಂದೆ ಮತ್ತು ತಂಗಿ ಜಲಜಾಕ್ಷಿ. ಬಸುರಿಗೆ ಕುಲುಕಾಟ ಬೇಡವೆಂದು ಅನಸೂಯ ಮನೆಯಲ್ಲಿ ಉಳಿದಿದ್ದಳು. ಮಧ್ಯಾಹ್ನ ಇಬ್ಬರೇ ಹಿಂದಿರುಗಿದರು.

ಈ ಸವಾರಿಯ ವಿಷಯ ಬದರಿನಾಥರಿಗೆ ಗೊತ್ತಿತ್ತು. ಭೋಜರಾಜ ಎಂಬ ಮಾಜಿ ಸೈನಿಕ ಎರಡು ಹಳೆಯ ಮಿಲಿಟರಿ ಜೀಪುಗಳನ್ನು ಇಟ್ಟುಕೊಂಡು ಮೂರು ವರ್ಷದಿಂದ ನಡೆಸುತ್ತಿದ್ದ. 'ಮರುಭೂಮಿ ಮತ್ತು ಕಡಲು, ಒಂದೇ ಬೆಳಗಿನಲ್ಲಿ' ಎಂದು ಅಡ್ಯಾರ್ ಸೇತುವೆಯ ಪಕ್ಕದಲ್ಲಿ ಅವನ ಬೋರ್ಡು ಇತ್ತು. ತಿರುವಾನ್ಮಿಯೂರು ದಾಟಿ, ಮಹಾಬಲಿಪುರಂ ರಸ್ತೆ ಬಿಟ್ಟು, ಗಾಳಿಮರದ ತೋಪುಗಳ ನಡುವೆ ನುಗ್ಗಿದರೆ ಎತ್ತರೆತ್ತರದ ಮರಳುಗುಡ್ಡಗಳು ಸಿಗುತ್ತವೆ. ಅವನ್ನು ಹತ್ತಿ ಇಳಿದರೆ ಆಚೆ ಸಮುದ್ರ. ರಾಜಸ್ಥಾನದ ಮರಳಿನಲ್ಲಿ ಯುದ್ಧಕಾಲದಲ್ಲಿ ಗಾಡಿ ಓಡಿಸಿದವನು ಭೋಜರಾಜ. ಊರಿನವರಿಗೆ ಆ ಅನುಭವ ಹೊಸದು. ಬೇಸಗೆ ರಜೆಯಲ್ಲಿ ಅವನ ಜೀಪುಗಳಿಗೆ ಬಿಡುವೇ ಇರುತ್ತಿರಲಿಲ್ಲ.

ಹರಿದಾಸರ ಹೇಳಿಕೆ ಚಿಕ್ಕದು. ಅಳಿಯ ಸ್ನಾನಕ್ಕೆಂದು ಇಳಿದ. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಒಂದು ದೊಡ್ಡ ಅಲೆ ಬಂತು. ತಿರುಗಿ ನೋಡಿದರೆ ಇಲ್ಲ.

ಗಂಡಸು ಕಾಣೆ ಎಂದು ಎಫ್‌ಐಆರ್ ದಾಖಲಾಯಿತು. ಅನಸೂಯ ಸಹಿ ಹಾಕಿದಳು. ಹರಿದಾಸರು ಅವಳ ಭುಜದ ಮೇಲೆ ಕೈ ಇಟ್ಟು ನಿಂತಿದ್ದರು. ಇಂಥ ತಂದೆ ಪಕ್ಕದಲ್ಲಿರುವುದು ಅವಳ ಪುಣ್ಯ ಎಂದು ಬದರಿನಾಥರಿಗೆ ಆಗ ಅನ್ನಿಸಿತು.

ಅದೇ ಸಂಜೆ ತಿರುಮಲ ಭೋಜರಾಜನನ್ನು ಕರೆತಂದ. ಆರಡಿ ಎತ್ತರದ ಆಳು, ನಲವತ್ತೈದರ ಆಸುಪಾಸು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಕೋಲಾರದ ಕಡೆಯವನು. ಕನ್ನಡ ಬಂದರೂ ಹೇಳಿಕೆಯನ್ನು ತಮಿಳಿನಲ್ಲೇ ಕೊಟ್ಟ. ಸ್ನಾನಕ್ಕೆ ಇಳಿದರು, ಮೊಣಕಾಲುದ್ದ ನೀರು, ದೊಡ್ಡ ಅಲೆ, ತಿರುಗಿ ನೋಡಿದರೆ ಇಲ್ಲ. ಅವನು ಹೋದ ಮೇಲೆ ತಿರುಮಲ ಎರಡು ಹೇಳಿಕೆಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಒಂದು ಕನ್ನಡದವರು ಹೇಳಿದ್ದು, ಇನ್ನೊಂದು ತಮಿಳಿನಲ್ಲಿ ಹೇಳಿದ್ದು, ಮಾತು ಮಾತ್ರ ಒಂದೇ ಸಾಲಿನಲ್ಲಿ ಬಂದಿದೆ ಎಂದ. ಗಾಬರಿಯಲ್ಲಿ ಜನ ಒಬ್ಬರ ಮಾತನ್ನು ಇನ್ನೊಬ್ಬರು ಹಿಡಿಯುತ್ತಾರೆ ಎಂದರು ಬದರಿನಾಥ. ಆದರೂ ಎರಡನ್ನೂ ಒಂದೇ ಕಡತಕ್ಕೆ ಸೇರಿಸಲು ಹೇಳಿದರು.

ಸೋಮವಾರ ಬೆಳಗ್ಗೆ ಪಾಲವಾಕ್ಕಂನ ದಂಡೆಗೆ ಶವ ಬಂದು ಬಿತ್ತು. ಮೇ ತಿಂಗಳಲ್ಲಿ ನೀರಿನ ಸೆಳೆತ ಉತ್ತರದ ಕಡೆಗಿರುತ್ತದೆ, ಇಲ್ಲೇ ಬರಬೇಕಿತ್ತು ಎಂದು ಮೀನುಗಾರರು ಹೇಳಿದರು. ಬಲೆ ಒಣಗಿಸುವ ಜಾಗದಲ್ಲಿ ಚಾಪೆ ಹಾಸಿ ಮಲಗಿಸಿದ್ದರು. ಇಬ್ಬರು ಪಂಚರ ಎದುರಿಗೆ ಬದರಿನಾಥ ಶವದ ಪಂಚನಾಮೆ ಶುರು ಮಾಡಿದರು. ತಿರುಮಲ ಬರೆದುಕೊಳ್ಳುತ್ತಾ ಹೋದ. ನೀಲಿ ಅರ್ಧ ತೋಳಿನ ಷರಟು, ಗುಂಡಿಗಳು ಹಾಕಿವೆ. ಬೂದು ಬಣ್ಣದ ಪ್ಯಾಂಟು, ಬೆಲ್ಟು. ಎಡಗೈಯಲ್ಲಿ ಗಡಿಯಾರ. ಕಾಲಿನಲ್ಲಿ ಕ್ಯಾನ್ವಾಸ್ ಶೂ.

ಬದರಿನಾಥ ಅಲ್ಲಿ ನಿಂತರು. ಎರಡೂ ಶೂಗಳ ಲೇಸು ಬಿಗಿಯಾಗಿ ಕಟ್ಟಿತ್ತು, ಎರಡೆರಡು ಗಂಟು.

"ಸ್ನಾನಕ್ಕೆ ಇಳಿದವನು ಶೂ ಬಿಚ್ಚಲಿಲ್ಲವೇ?" ಎಂದು ಅವರು ಕೇಳಿದ್ದು ಯಾರನ್ನೂ ಅಲ್ಲ. ತಿರುಮಲ ಅದನ್ನು ಬರೆದುಕೊಳ್ಳಲಿಲ್ಲ. ಆದರೆ ಪೆನ್ನು ಎತ್ತಿ ಹಿಡಿದು ಶವದ ಸೊಂಟದ ಕಡೆ ತೋರಿಸಿದ. ಬಲಗಾಲು ಸಹಜವಲ್ಲದ ಕಡೆಗೆ ತಿರುಗಿಕೊಂಡಿತ್ತು.

ಗುರುತು ಹಿಡಿಯಲು ಬಂದದ್ದು ಅನಸೂಯಳೇ. ಬೇಡವೆಂದು ಎಲ್ಲರೂ ಹೇಳಿದರೂ ಕೇಳಲಿಲ್ಲ. ಮುಖ ನೋಡಿ ಹೌದು ಎಂದಳು. ಅಳಲಿಲ್ಲ. ಕ್ಯಾಮೆರಾ ಎಲ್ಲಿ ಎಂದು ಕೇಳಿದಳು. ಕಮಲಾಕರನಿಗೆ ಫೋಟೋ ಹುಚ್ಚು. ಮದುವೆ ಮನೆಯಲ್ಲಿ ಊಟಕ್ಕೆ ಕುಳಿತರೂ ಕೊರಳಿನಿಂದ ತೆಗೆಯುತ್ತಿರಲಿಲ್ಲ. ಹಿಂದಿನ ದಿನದ ಎರಡು ಹೇಳಿಕೆಗಳಲ್ಲೂ ಕ್ಯಾಮೆರಾದ ಸುದ್ದಿ ಇರಲಿಲ್ಲ ಎಂಬುದು ಬದರಿನಾಥರಿಗೆ ಆಗ ನೆನಪಾಯಿತು. ದಡದ ಮೇಲೆ ಬಿಟ್ಟಿರಬೇಕು, ಗಾಬರಿಯಲ್ಲಿ ಯಾರೂ ನೋಡಲಿಲ್ಲ ಎಂದರು ಹರಿದಾಸರು. ಹೇಳುತ್ತಲೇ ಮಗಳ ತಲೆಗೆ ಬಿಸಿಲು ತಾಗದಂತೆ ತಮ್ಮ ಅಂಗವಸ್ತ್ರ ಹಿಡಿದರು.

ಮಂಗಳವಾರ ಮರಣೋತ್ತರ ಪರೀಕ್ಷೆ ಮುಗಿಯಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಕೌಸಲ್ಯಾ ವರದಿ ಟೈಪಾಗುವ ಮುನ್ನವೇ ಬದರಿನಾಥರನ್ನು ಕರೆಸಿಕೊಂಡರು. ಶವಾಗಾರದ ಹೊರಗಿನ ಕಾರಿಡಾರಿನಲ್ಲಿ ಇಬ್ಬರೂ ನಿಂತೇ ಮಾತಾಡಿದರು. ಸೊಂಟದ ಮೂಳೆ ಮುರಿದಿದೆ, ಪಕ್ಕೆಲುಬುಗಳು ಮುರಿದಿವೆ. ತೊಡೆಯ ಮೇಲೆ ಟೈರಿನ ಹಲ್ಲಿನ ಗುರುತು ಸ್ಪಷ್ಟವಾಗಿದೆ. ಇವೆಲ್ಲ ಸಾಯುವುದಕ್ಕೆ ಮುಂಚಿನ ಗಾಯಗಳು ಎಂದರು ಡಾಕ್ಟರು.

"ಹಾಗಾದರೆ ಜೀಪು ಹರಿದು ಸತ್ತಿದ್ದಾನೆ. ಆಮೇಲೆ ನೀರಿಗೆ ಹಾಕಿದ್ದಾರೆ" ಎಂದರು ಬದರಿನಾಥ.

"ಅದಲ್ಲ, ಇನ್‌ಸ್ಪೆಕ್ಟರ್. ಶ್ವಾಸಕೋಶದ ತುಂಬ ಸಮುದ್ರದ ನೀರಿದೆ. ಸಣ್ಣ ಮರಳೂ ಒಳಗೆ ಹೋಗಿದೆ. ನೀರಿಗೆ ಹಾಕಿದಾಗ ಉಸಿರಾಡುತ್ತಿದ್ದ."

 ಹದಿನೆಂಟು ವರ್ಷದ ಸರ್ವೀಸಿನಲ್ಲಿ ಬದರಿನಾಥ ಬಹಳ ಹೆಣಗಳನ್ನು ನೋಡಿದ್ದರು. ಆ ಕ್ಷಣ ಮಾತ್ರ ಅವರಿಗೆ ಕೇಳಬೇಕಾದ ಪ್ರಶ್ನೆ ನೆನಪಾಗಲಿಲ್ಲ. ಪ್ರಜ್ಞೆ ಇತ್ತೇ ಎಂದು ಕೊನೆಗೆ ಕೇಳಿದರು. ಇರಲಿಕ್ಕಿಲ್ಲ, ನಾಡಿ ಕೈಗೆ ಸಿಗದಷ್ಟು ಸಣ್ಣಗೆ ಇದ್ದಿರಬಹುದು ಎಂದರು ಡಾಕ್ಟರು. ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದನೇ ಎಂದು ಬದರಿನಾಥ ಕೇಳಿದರು.

"ಭರವಸೆ ಕೊಡಲಾರೆ. ಆದರೆ ಇಂಥ ಗಾಯ ಆದವರು ಉಳಿದದ್ದನ್ನು ನೋಡಿದ್ದೇನೆ."

ಠಾಣೆಗೆ ಹಿಂದಿರುಗಿ ಬದರಿನಾಥ ಎಫ್‌ಐಆರ್‌ನ ಕಲಂ ಬದಲಿಸಲು ಬರೆದರು. ಶವ ಸಿಕ್ಕಿದ್ದು ತಮ್ಮ ಸರಹದ್ದಿನಲ್ಲಾದ್ದರಿಂದ ತನಿಖೆ ಅವರ ಕೈಯಲ್ಲೇ ಉಳಿಯಿತು. ಆಗ ಅವರ ಮನಸ್ಸಿನಲ್ಲಿದ್ದವನು ಭೋಜರಾಜ. ಗಿರಾಕಿಯ ಮೇಲೆ ಜೀಪು ಹರಿಸಿ, ಹೆಸರು ಕೆಡುತ್ತದೆ ಎಂದು ಸಮುದ್ರಕ್ಕೆ ತಳ್ಳಿ, ಮುದುಕರನ್ನೂ ಹುಡುಗಿಯನ್ನೂ ಬೆದರಿಸಿ ಬಾಯಿ ಮುಚ್ಚಿಸಿರಬೇಕು. ಅಷ್ಟು ಸಭ್ಯ ಮನುಷ್ಯ ಸುಳ್ಳು ಹೇಳಬೇಕಾದರೆ ಯಾರೋ ಕುತ್ತಿಗೆ ಹಿಡಿದಿರಬೇಕು ಎಂದು ಅವರು ತಿರುಮಲನಿಗೆ ಹೇಳಿದರು.  ಆ ದಿನ ಎರಡನೆಯ ಜೀಪಿನಲ್ಲೂ ಗಿರಾಕಿಗಳಿದ್ದರಂತೆ, ಅವರನ್ನು ಒಮ್ಮೆ ನೋಡಿ ಬರೋಣ ಎಂದ ತಿರುಮಲ.

ಆ ದಿನ ಎರಡನೆಯ ಜೀಪಿನಲ್ಲಿ ಹೋಗಿದ್ದವರು ಪೆರಂಬೂರಿನ ನಂಜುಂಡ ಮತ್ತು ಅವನ ಹೆಂಡತಿ ವೆಂಕಟಲಕ್ಷ್ಮಿ. ನಂಜುಂಡ ರೈಲು ಡಬ್ಬಿ ಕಾರ್ಖಾನೆಯಲ್ಲಿ ಕೆಲಸಗಾರ, ತುಮಕೂರಿನ ಕಡೆಯವನು. ಬುಧವಾರ ಬೆಳಗ್ಗೆ ಬದರಿನಾಥ ಅವರ ಮನೆಗೆ ಹೋದಾಗ ಅವನು ಕೆಲಸಕ್ಕೆ ಹೋಗಿಯಾಗಿತ್ತು. ವೆಂಕಟಲಕ್ಷ್ಮಿ ಹೆದರಿಕೊಂಡೇ ಕುರ್ಚಿ ಹಾಕಿದಳು. ತಾವು ಏನನ್ನೂ ನೋಡಿಲ್ಲ ಎಂದು ಮೊದಲೇ ಹೇಳಿದಳು. ಅವರ ಜೀಪಿನ ರೇಡಿಯೇಟರ್ ಕುದಿದು, ಡ್ರೈವರ್ ಅದನ್ನು ಗುಡ್ಡದ ಈಚೆ ತೋಪಿನ ನೆರಳಿನಲ್ಲೇ ನಿಲ್ಲಿಸಿಬಿಟ್ಟಿದ್ದ. ಸಮುದ್ರದ ಹತ್ತಿರ ಹೋಗಲೇ ಇಲ್ಲ. ಬಹಳ ಹೊತ್ತಾದ ಮೇಲೆ ಭೋಜರಾಜ ಜೀಪು ತಂದು, ಒಬ್ಬರನ್ನು ಅಲೆ ಎಳೆದುಕೊಂಡು ಹೋಯಿತು, ಎಲ್ಲರೂ ವಾಪಸು ಹೊರಡಿ ಎಂದ.

"ಅಲ್ಲಿಯವರೆಗೆ ಹೇಗಿತ್ತು ಸವಾರಿ?" ಎಂದು ಬದರಿನಾಥ ಕೇಳಿದರು, ಅವಳ ಹೆದರಿಕೆ ಇಳಿಯಲೆಂದು.

ಅವಳ ಮುಖ ಸ್ವಲ್ಪ ಬಿಚ್ಚಿಕೊಂಡಿತು. "ಚೆನ್ನಾಗಿತ್ತು ಸಾರ್. ನಾನೂ ಓಡಿಸಿದೆ. ಸಮತಟ್ಟಾದ ಕಡೆ ಭೋಜರಾಜರು ಎಲ್ಲರ ಕೈಗೂ ಸ್ಟೀರಿಂಗ್ ಕೊಡ್ತಾರೆ. ನಮ್ಮ ಯಜಮಾನರು ನಕ್ಕೂ ನಕ್ಕೂ ಸಾಕಾದರು. ನನ್ನದು ಆದ ಮೇಲೆ ಆ ಹುಡುಗಿ ಸರದಿ. ಎಷ್ಟು ಚೆನ್ನಾಗಿ ಓಡಿಸಿದಳು ಅಂದರೆ, ಗುಡ್ಡವನ್ನೂ ನೀನೇ ಹತ್ತಿಸಮ್ಮ ಅಂದರು ಅವರು. ಅವಳ ಭಾವ ಫೋಟೋ ತೆಗೀತೀನಿ ಅಂತ ಮುಂದೆ ಓಡಿದರು."

ಬದರಿನಾಥ ಆ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಹೇಳುತ್ತಾ ಹೇಳುತ್ತಾ ವೆಂಕಟಲಕ್ಷ್ಮಿಗೂ ಅದರ ಅರ್ಥ ಹೊಳೆಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನ ಭೋಜರಾಜನ ಎರಡು ಜೀಪುಗಳನ್ನೂ ವಶಕ್ಕೆ ತೆಗೆದುಕೊಂಡು, ಮೋಟಾರು ವಾಹನ ಇಲಾಖೆಯವರನ್ನು ಕರೆಸಿ ಪಂಚರ ಎದುರಿಗೆ ಪರೀಕ್ಷೆ ಮಾಡಿಸಲಾಯಿತು. ಮೊದಲನೆಯ ಜೀಪನ್ನು ಚೆನ್ನಾಗಿ ತೊಳೆದಿದ್ದರು. ಆದರೆ ಮುಂದಿನ ಆಕ್ಸಲ್ ಪಕ್ಕದ ಕಂಬಿಗೆ ಕಂದು ಬಣ್ಣದ ಚರ್ಮದ ಪಟ್ಟಿಯ ತುಂಡೊಂದು ಸುತ್ತಿಕೊಂಡು ಬಿಗಿದಿತ್ತು. ಕ್ಯಾಮೆರಾದ ಪಟ್ಟಿ. ಬದರಿನಾಥ ಅದನ್ನು ಕಾಗದದಲ್ಲಿ ಇಟ್ಟು ಭೋಜರಾಜನ ಮುಂದೆ ತೆರೆದರು.

ಅವನು ಹೆಚ್ಚು ಹೊತ್ತು ಸತಾಯಿಸಲಿಲ್ಲ. ಈ ಸಲ ಕನ್ನಡದಲ್ಲೇ ಮಾತಾಡಿದ. ಗುಡ್ಡ ಹತ್ತುವಾಗ ಜೀಪಿನ ಮೂತಿ ಮೇಲಿರುತ್ತದೆ, ಸ್ಟೀರಿಂಗ್ ಹಿಡಿದವರಿಗೆ ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ಆದ್ದರಿಂದ ತಾನು ಮೊದಲು ಕಾಲ್ನಡೆಯಲ್ಲಿ ಹತ್ತಿ, ಆಚೆ ಯಾರೂ ಇಲ್ಲವೆಂದು ನೋಡಿ, ಕೈ ಬೀಸಿದ ಮೇಲೆಯೇ ಜೀಪು ಬರಬೇಕು. ಇದು ಅವನು ತಾನೇ ಮಾಡಿಕೊಂಡ ನಿಯಮ. ಆ ದಿನ ಹುಡುಗಿಗೆ ಹೊಸದೆಂದು ಪಕ್ಕದ ಸೀಟಿನಲ್ಲೇ ಕುಳಿತ, ಇಳಿಯಲಿಲ್ಲ. ಕಮಲಾಕರ ಬದಿಯಲ್ಲಿ ನಿಂತಿರುತ್ತೇನೆ ಎಂದು ಹೇಳಿ ಹೋಗಿದ್ದ. ಜೀಪು ತುದಿ ದಾಟಿ ಇಳಿಯುವಾಗ ಅವನು ಚಕ್ರದ ದಾರಿಯಲ್ಲೇ ಮರಳಿನ ಮೇಲೆ ಮಲಗಿ, ಕ್ಯಾಮೆರಾ ಮೇಲೆತ್ತಿ ಹಿಡಿದಿದ್ದ. ಜೀಪು ಆಕಾಶದಿಂದ ಇಳಿಯುವ ಹಾಗೆ ಫೋಟೋ ಬರಲಿ ಎಂದು ಆಸೆಪಟ್ಟಿರಬೇಕು.

"ಆಮೇಲೆ?"

"ನಾನು ಆಸ್ಪತ್ರೆಗೆ ಅಂದೆ ಸಾರ್. ಕಾಲಿನ ಕಡೆ ಹಿಡಿದೂ ಆಗಿತ್ತು, ಜೀಪಿಗೆ ಹಾಕೋಣ ಅಂತ. ಹಿಂದಿನ ಸೀಟಿನಲ್ಲಿದ್ದ ಆ ಹಿರಿಯರು ಇಳಿದು ಬಂದು ಮೂಗಿಗೆ ಬೆರಳಿಟ್ಟು ನೋಡಿದರು. ಮುಗೀತು ಅಂದರು."

"ನೀನು ನೋಡಲಿಲ್ಲವೇ?"

"ಇಲ್ಲ."

"ಯಾಕೆ?"

"ಯುದ್ಧದಲ್ಲಿ ಬಹಳ ನೋಡಿದ್ದೆ. ಈ ಸಲ ನನ್ನಿಂದ ಆದದ್ದು. ನೋಡೋಕೆ ಆಗಲಿಲ್ಲ."

ಸಮುದ್ರಕ್ಕೆ ಬಿಡುವ ಮಾತು ತೆಗೆದವರು ಯಾರು ಎಂದು ಬದರಿನಾಥ ಕೇಳಿದರು. ಉತ್ತರ ಬರುವ ಮುಂಚೆಯೇ ಅವರಿಗೆ ಗೊತ್ತಾಗಿತ್ತು. ಆದರೂ ಹೆಸರು ಕಿವಿಗೆ ಬಿದ್ದಾಗ ತಿರುಮಲನ ಕಡೆ ನೋಡಿದರು, ತಪ್ಪಾಗಿ ಕೇಳಿಸಿತೇನೋ ಎನ್ನುವ ಹಾಗೆ. ಅಲೆಯ ಕತೆ ಕಟ್ಟಿದ್ದೂ, ಅದನ್ನು ಭೋಜರಾಜನಿಗೆ ಎರಡು ಸಲ ಹೇಳಿಸಿ ಕಂಠಪಾಠ ಮಾಡಿಸಿದ್ದೂ ಹರಿದಾಸರೇ. ಅವರು ಕಂಕುಳಿನ ಕಡೆ ಹಿಡಿದರು, ಇವನು ಕಾಲು ಹಿಡಿದ. ಎದೆಮಟ್ಟದ ನೀರಿನವರೆಗೆ ನಡೆದು ಬಿಟ್ಟು ಬಂದರು. ಹುಡುಗಿಯನ್ನು ತೋಪಿನ ಕಡೆಗೆ ಮುಖ ಮಾಡಿಸಿ ಜೀಪಿನಲ್ಲಿ ಕೂರಿಸಿದ್ದರು.

ವೈದ್ಯರು ಹೇಳಿದ್ದನ್ನು ಬದರಿನಾಥ ಆಗ ಅವನಿಗೆ ತಿಳಿಸಿದರು.  ತಾನು ಹಿಡಿದಿದ್ದ ಕಾಲು ಬೆಚ್ಚಗಿತ್ತು, ಬಿಸಿಲಿಗೆ ಹಾಗಿದೆ ಅಂದುಕೊಂಡೆ ಎಂದ ಭೋಜರಾಜ. ಅದನ್ನೇ ಮತ್ತೆ ಮತ್ತೆ ಹೇಳಿದ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಂದೇ ಅವನನ್ನು ಮರಳುಗುಡ್ಡಕ್ಕೆ ಕರೆದೊಯ್ದರು. ಕ್ಯಾಮೆರಾ ಹೂತಿದ್ದೆನೆಂದು ಅವನು ತೋರಿಸಿದ ಗಾಳಿಮರದ ಬುಡದಲ್ಲಿ ಮೊಳದಷ್ಟು ಅಗೆದಾಗ ಅದು ಒಡೆದ ಸ್ಥಿತಿಯಲ್ಲಿ ಸಿಕ್ಕಿತು. ಜೀಪಿನಲ್ಲಿದ್ದ ತುಂಡು ಅದರ ಪಟ್ಟಿಗೆ ಸರಿಯಾಗಿ ಕೂಡಿತು. ಫಿಲ್ಮಿಗೆ ಬೆಳಕು ಹೊಕ್ಕು ಹಾಳಾಗಿತ್ತು. ಪಂಚನಾಮೆ ಬರೆದು, ಸಹಿ ಹಾಕಿಸಿ, ಮೊಹರು ಮಾಡಿದರು. ಸುತ್ತಲೂ ಗಾಳಿ ಮರಳನ್ನು ಎತ್ತಿ ಎತ್ತಿ ಒಗೆಯುತ್ತಿತ್ತು. ಮೂರೇ ದಿನದಲ್ಲಿ ಗುಡ್ಡದ ಮೇಲೆ ಒಂದು ಗುರುತೂ ಉಳಿದಿರಲಿಲ್ಲ.

ಗುರುವಾರ ಬೆಳಗ್ಗೆ ಬದರಿನಾಥ, ತಿರುಮಲ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಅಡ್ಯಾರಿನ ಹರಿದಾಸರ ಮನೆಗೆ ಹೋದರು. ಅನಸೂಯ ಗಂಡನೊಂದಿಗೆ ಇದೇ ಮನೆಯ ಮಹಡಿಯಲ್ಲಿ ಸಂಸಾರ ಮಾಡುತ್ತಿದ್ದಳು. ಹೆಂಗಸರು ಒಬ್ಬಿಬ್ಬರು ಬಂದು ಹೋಗುತ್ತಿದ್ದರು. ಬದರಿನಾಥ ಮೊದಲು ಜಲಜಾಕ್ಷಿಯನ್ನು ನೋಡಬೇಕೆಂದರು.

ಅವಳಿಗೆ ಇಪ್ಪತ್ತೆರಡು ವರ್ಷ. ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಭಾನುವಾರದಿಂದ ಮಾತಾಡಿಲ್ಲ, ಭಾವನೆಂದರೆ ಅಷ್ಟು ಪ್ರೀತಿ ಎಂದು ಅನಸೂಯ ಬಾಗಿಲಲ್ಲಿ ನಿಂತು ಹೇಳಿದಳು. ತಂಗಿಯನ್ನು ಹೆಚ್ಚು ನೋಯಿಸಬೇಡಿ ಎಂದು ಕೇಳಿಕೊಂಡು ಹೊರಗೆ ಹೋದಳು. ಮಹಿಳಾ ಕಾನ್‌ಸ್ಟೇಬಲ್ ಒಳಗೆ ಉಳಿದಳು. ಬದರಿನಾಥ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದರು: ಜೀಪು ಓಡಿಸುತ್ತಿದ್ದವರು ಯಾರು?

"ನಾನ್‌ದಾನ್ ಓಟ್ಟಿನೇನ್" ಎಂದಳು ಜಲಜಾಕ್ಷಿ. ನಾನೇ ಓಡಿಸಿದೆ. ಕನ್ನಡ ಅರ್ಥವಾದರೂ ಅವಳ ಉತ್ತರ ಯಾವಾಗಲೂ ತಮಿಳಿನಲ್ಲೇ. ಜೀಪು ಎರಡು ಸಲ ಎದ್ದು ಇಳಿಯಿತು ಎಂದಳು. ಮೊದಲ ಸಲಕ್ಕೆ ಕಲ್ಲು ಅಂದುಕೊಂಡಳಂತೆ. ಎರಡನೆಯ ಸಲ ಎದ್ದಾಗ ಮರಳಿನಲ್ಲಿ ಕಲ್ಲು ಎಲ್ಲಿಂದ ಬಂತು ಎಂದು ಹೊಳೆಯಿತಂತೆ. ಆಮೇಲಿನದು ಅವಳಿಗೆ ನೆನಪಿಲ್ಲ. ಅವನು ಹೋಗಿಬಿಟ್ಟ, ನಿನ್ನ ಕೈಯಿಂದ ಆದದ್ದು ನನ್ನೊಳಗೇ ಇರುತ್ತದೆ, ನೀನು ಬಾಯಿ ಬಿಡಬೇಡ ಎಂದು ತಂದೆ ಹೇಳಿದ್ದು ಮಾತ್ರ ನೆನಪಿದೆ.

ಹರಿದಾಸರು ಮುಂದಿನ ಹಜಾರದಲ್ಲಿ ಕುಳಿತಿದ್ದರು. ಬದರಿನಾಥ ಎದುರಿಗೆ ಕುರ್ಚಿ ಎಳೆದುಕೊಂಡರು. ಮೊದಲಿಗೆ ಹರಿದಾಸರು ಅದೇ ಅಲೆಯ ಮಾತು ಹೇಳಿದರು. ಕ್ಯಾಮೆರಾ ಸಿಕ್ಕಿದೆ ಎಂದರು ಬದರಿನಾಥ. ಜಲಜಾಕ್ಷಿ ಹೇಳಿದ್ದಾಳೆ ಎಂದಾಗ ಹರಿದಾಸರು ಕಣ್ಣು ಮುಚ್ಚಿಕೊಂಡರು.

"ಅವಳು ಮಗು, ಇನ್‌ಸ್ಪೆಕ್ಟರೇ. ಲೈಸೆನ್ಸ್ ಇಲ್ಲ. ಜೈಲಿಗೆ ಹಾಕ್ತೀರಿ. ಅಕ್ಕನ ಗಂಡನನ್ನು ಕೊಂದವಳು ಅಂತ ಊರೆಲ್ಲ ಅನ್ನುತ್ತೆ. ಒಬ್ಬಳ ಬಾಳು ಅಲ್ಲೇ ಹೋಗಿತ್ತು. ಇನ್ನೊಬ್ಬಳದ್ದಾದರೂ ಉಳೀಲಿ ಅಂದುಕೊಂಡೆ."

"ಅವನ ಜೀವ ಹೋಗಿದೆ ಅಂತ ನಿಮಗೆ ಹೇಗೆ ಗೊತ್ತಾಯಿತು?"

ವಿಮೆ ಕಚೇರಿಯಲ್ಲಿ ತಾನು ನೋಡಿದಷ್ಟು ಸಾವಿನ ಕಾಗದಗಳನ್ನು ಯಾರೂ ನೋಡಿರಲಿಕ್ಕಿಲ್ಲ ಎಂದರು ಹರಿದಾಸರು. ಮನೆಮನೆಗೆ ಹೋಗಿ ವಿಚಾರಣೆ ಮಾಡಿದ್ದೇನೆ, ಸಾವು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲವೇ ಎಂದರು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ ಎಂದರು.

ಬದರಿನಾಥರಿಗೆ ಮುಂದಿನ ಮಾತು ಹೇಳುವುದು ಕಷ್ಟವಾಯಿತು. ತಮ್ಮ ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದನ್ನೇ ನೋಡುತ್ತಾ ಹೇಳಿದರು.

"ಅವನಿಗೆ ಉಸಿರಿತ್ತು. ಜೀಪಿನಿಂದ ಸತ್ತಿಲ್ಲ. ನೀರಿನಲ್ಲಿ ಮುಳುಗಿ ಸತ್ತಿದ್ದಾನೆ."

 ಹರಿದಾಸರು ತಮ್ಮ ಬಲಗೈಯ ಬೆರಳುಗಳನ್ನು ಮುಖದ ಹತ್ತಿರ ತಂದುಕೊಂಡು, ಅವು ಬೇರೆ ಯಾರದ್ದೋ ಎನ್ನುವ ಹಾಗೆ ನೋಡಿದರು.

"ಗಾಳಿ ಬೀಸುತ್ತಿತ್ತು" ಎಂದರು. "ಉಸಿರು ಯಾವುದು, ಕಡಲ ಗಾಳಿ ಯಾವುದು ಅಂತ ತಿಳೀಲಿಲ್ಲ. ಇನ್ನೊಂದು ಸಲ ನೋಡಬೇಕು ಅನ್ನಿಸಿತು. ಅಷ್ಟರಲ್ಲಿ ಆ ಇನ್ನೊಂದು ಜೀಪು ಬಂದುಬಿಟ್ಟರೆ ಅಂತ..."

 ಹರಿದಾಸರು ತಲೆ ಎತ್ತಿದರು. ಆ ಮುಖದಲ್ಲಿ ಕಂಡದ್ದನ್ನು ಬದರಿನಾಥ ಮುಂದೆ ಯಾರಿಗೂ ವಿವರಿಸಿ ಹೇಳಲಾರದೆ ಹೋದರು. ಭಯವಿತ್ತು, ಅದರ ಜೊತೆಗೆ ಹೊರೆ ಇಳಿದವನ ಹಗುರವೂ ಇತ್ತು.

"ಹಾಗಾದರೆ ಜಲಜಾಳಿಂದ ಸತ್ತಿಲ್ಲ. ಅದನ್ನು ಅವಳಿಗೆ ಹೇಳ್ತೀರಾ? ನಾನು ಹೇಳಿದರೆ ನಂಬುವುದಿಲ್ಲ. ನೀವು ಹೇಳಿ."

ಅನಸೂಯ ಮಹಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರೂ ಗಮನಿಸಿರಲಿಲ್ಲ. ತಿರುಮಲ ಅವಳನ್ನು ಹಿಡಿಯಲು ಎರಡು ಮೆಟ್ಟಿಲು ಹತ್ತಿದ. ಅವಳು ಕೈ ಅಡ್ಡ ಮಾಡಿದಳು. ತಾನೇ ಇಳಿದು ಬಂದು ತಂದೆಯ ಎದುರಿಗೆ ನಿಂತಳು. ಅವರು ಎದ್ದು ನಿಲ್ಲಲು ಹೋದರು, ಆಗಲಿಲ್ಲ.

"ನನ್ನನ್ನು ಕೇಳಿದ್ದರೆ ಜಲಜಾಳನ್ನು ನಾನೇ ಕಾಪಾಡುತ್ತಿದ್ದೆ, ಅಪ್ಪಾ" ಎಂದಳು. ದನಿ ಏರಿರಲಿಲ್ಲ. "ಅವರೂ ಕಾಪಾಡುತ್ತಿದ್ದರು. ಬದುಕಿದ್ದರಲ್ಲ."

ಹರಿದಾಸರನ್ನು ಅಂದೇ ದಸ್ತಗಿರಿ ಮಾಡಲಾಯಿತು. ಕೊಲೆಯಲ್ಲದ ಮಾನವಹತ್ಯೆ ಮತ್ತು ಸಾಕ್ಷ್ಯನಾಶ ಎಂದು ಬದರಿನಾಥ ಬರೆದರು. ಸತ್ತಿದ್ದಾನೆಂದು ಅವರು ನಿಜವಾಗಿ ನಂಬಿದ್ದರೇ, ಅಥವಾ ನಂಬಬೇಕೆಂದು ಆತುರಪಟ್ಟರೇ ಎಂಬುದನ್ನು ತೀರ್ಮಾನಿಸುವುದು ಕೋರ್ಟಿಗೆ ಬಿಟ್ಟದ್ದು. ಭೋಜರಾಜನ ಮೇಲೆ ನಿರ್ಲಕ್ಷ್ಯ ಮತ್ತು ಸಾಕ್ಷ್ಯನಾಶದ ಕಲಂಗಳು. ಜಲಜಾಕ್ಷಿಯ ಹೆಸರಿನ ಮುಂದೆ ಬದರಿನಾಥ ಮೊದಲು ಸಾವಿಗೆ ಕಾರಣವಾದ ನಿರ್ಲಕ್ಷ್ಯ ಎಂದು ಬರೆದಿದ್ದನ್ನು ಹೊಡೆದುಹಾಕಿ, ತೀವ್ರ ಗಾಯಕ್ಕೆ ಕಾರಣವಾದ ನಿರ್ಲಕ್ಷ್ಯ ಎಂದು ತಿದ್ದಿ, ಜಾಮೀನಿನ ಮೇಲೆ ಬಿಟ್ಟರು.

ಹೆಂಡತಿ ತೀರಿಕೊಂಡಾಗ ಹರಿದಾಸರ ಚಿಕ್ಕ ಮಗಳು ಇನ್ನೂ ತೊದಲು ಮಾತಾಡುತ್ತಿದ್ದಳಂತೆ. ಎರಡನೆಯ ಮದುವೆ ಬೇಡವೆಂದು, ಕಚೇರಿಗೆ ಹೋಗುವ ಮುಂಚೆ ತಾವೇ ಅವಳಿಗೆ ತಲೆ ಬಾಚಿ ಜಡೆ ಹಾಕಿ, ಅನ್ನ ಕಲಸಿಟ್ಟು ಹೋಗುತ್ತಿದ್ದರಂತೆ. ಬೀದಿಯವರು ಇದನ್ನು ತಿರುಮಲನಿಗೆ ಹೇಳಿದರು. ಇಂಥವರು ಹೀಗೆ ಮಾಡಲು ಸಾಧ್ಯವೇ ಇಲ್ಲ ಎಂಬುದಕ್ಕೆ ಪುರಾವೆಯಾಗಿ ಹೇಳಿದರು. ಬದರಿನಾಥರಿಗೆ ಮಾತ್ರ, ಇದನ್ನು ಬಿಟ್ಟು ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ ಎನ್ನಿಸಿತು.

ಹರಿದಾಸರು ಕೇಳಿಕೊಂಡದ್ದನ್ನು ಅವರು ಮರೆಯಲಿಲ್ಲ. ಆ ದಿನ ಹರಿದಾಸರನ್ನು ಕರೆದೊಯ್ಯುವ ವ್ಯಾನು ಹೊರಡುವ ಮುಂಚೆ ಹಿಂದಿನ ಕೋಣೆಗೆ ಹೋಗಿ ಜಲಜಾಕ್ಷಿಯ ಮುಂದೆ ಕುಳಿತು, ವೈದ್ಯರು ಹೇಳಿದ್ದನ್ನು ತಮಿಳಿನಲ್ಲಿ ಬಿಡಿಸಿ ಹೇಳಿದರು. ನಿನ್ನಿಂದ ಗಾಯವಾಯಿತು, ಸಾವು ನಿನ್ನಿಂದ ಬಂದದ್ದಲ್ಲ ಎಂದರು. ಅವಳು ಕೇಳಿಸಿಕೊಂಡಳು. 

"ಅಪ್ಪಾಗೆ ಗೊತ್ತಾ?" ಎಂದಳು, ಕನ್ನಡದಲ್ಲಿ.

ಗೊತ್ತು, ನಿನಗೆ ತಿಳಿಸಿ ಎಂದು ಕಳಿಸಿದವರೇ ಅವರು ಎಂದರು ಬದರಿನಾಥ.

ಜಲಜಾಕ್ಷಿ ಎದ್ದು ಹಜಾರಕ್ಕೆ ಬಂದಳು. ಹೊರಗೆ ವ್ಯಾನಿನ ಬಾಗಿಲು ಹಾಕಿದ ಸದ್ದಾಯಿತು. ಅವಳು ಆ ಕಡೆ ನೋಡಲಿಲ್ಲ. ಅಕ್ಕ ನೆಲದ ಮೇಲೆ ಕಂಬಕ್ಕೆ ಒರಗಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದಳು. ಜಲಜಾಕ್ಷಿ ಅವಳಿಂದ ಒಂದು ಮೊಳ ದೂರದಲ್ಲಿ ಕುಳಿತಳು. ಅನಸೂಯ ಅವಳ ಕಡೆಗೆ ತಿರುಗಲಿಲ್ಲ. ಎದ್ದು ಹೋಗಲೂ ಇಲ್ಲ.